ಕೆಮ್ಮಣ್ಣಿನ ಬೆಟ್ಟದಲ್ಲಿ ರಜೆಯ ಪಾಠ

ರಜೆ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಚಿಂತೆ ಹೆತ್ತವರಿಗೆ. ಈ ಡಿಸೆಂಬರ್ ಚಳಿಯಲ್ಲಿ ಒಮ್ಮೆ ಕೆಮ್ಮಣ್ಣುಗುಂಡಿಗೆ ಹೋಗಿಬನ್ನಿ. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಗಿರಿ ದಾಟಿ ಅಂಕುಡೊಂಕಿನ ಘಾಟಿ ಏರಿದರೆ 1434 ಮೀಟರ್ ಎತ್ತರದ ಗಿರಿಧಾಮ ಎದುರಾಗುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯುತ್ತಿದ್ದ ತಾಣವಿದು. 1942ರಲ್ಲಿ ತೋಟಗಾರಿಕೆ ಇಲಾಖೆಯ ಕೈಸೇರಿತು. ಗುಲಾಬಿ ತೋಟ, ಓಡಿ ದಣಿಯಲು ಉದ್ಯಾನ, ತಂಗಲು ಅತಿಥಿಗೃಹ, ಎಲ್ಲ ಇಲಾಖೆಯದೇ.

ಆದರೆ ಇಲ್ಲಿನ ದೊಡ್ಡ ಪಾಠ ಊರಿನ ಹೆಸರಿನಲ್ಲೇ ಇದೆ. ಬೂಟಿಗೆ ಮೆತ್ತಿದ ಮಣ್ಣು ತೋರಿಸಿ ಮಕ್ಕಳನ್ನು ಕೇಳಿ: ಇದಕ್ಕೆ ಕೆಂಪು ಬಣ್ಣ ಬಂದದ್ದು ಹೇಗೆ? ಮಣ್ಣಿನಲ್ಲಿರುವ ಕಬ್ಬಿಣದಿಂದ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ದಶಕಗಳ ಕಾಲ ಇದೇ ಬೆಟ್ಟದಿಂದ ಅದಿರು ಹೋಗುತ್ತಿತ್ತು. ಈಗ ಗಣಿಗಾರಿಕೆ ನಿಂತಿದೆ. ಶಾಲೆಯಲ್ಲಿ ಓದಿದ ವಿಜ್ಞಾನ, ಚರಿತ್ರೆ ಎರಡೂ ಇಲ್ಲಿ ಕಾಲಡಿಯಲ್ಲೇ ಸಿಗುತ್ತವೆ.

ಮರುದಿನ ಬೆಳಿಗ್ಗೆ ಸ್ವೆಟರ್ ತೊಡಿಸಿ, ಝಡ್ ಪಾಯಿಂಟಿಗೆ ನಡೆಸಿಕೊಂಡು ಹೋಗಿ. ದಾರಿಯಲ್ಲಿ ಶಾಂತಿ ಜಲಪಾತ, ಶೋಲಾ ಕಾಡು, ಬೋಳುಗುಡ್ಡದ ಹುಲ್ಲು. ಕೆಲವೆಡೆ ದಾರಿ ಕಿರಿದು, ಪಕ್ಕದಲ್ಲೇ ಆಳವಾದ ಕಣಿವೆ. ಚಿಕ್ಕವರ ಕೈ ಬಿಡಬೇಡಿ. ಕಾಲಿಗೆ ಶಕ್ತಿ ಉಳಿದಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹೆಬ್ಬೆ ಜಲಪಾತವನ್ನೂ ನೋಡಬಹುದು.

ಹೊರಡುವಾಗ ತಿಂಡಿಯ ಪ್ಲಾಸ್ಟಿಕ್ ಚೀಲಗಳನ್ನು ಮಕ್ಕಳ ಕೈಯಿಂದಲೇ ಬ್ಯಾಗಿಗೆ ಹಾಕಿಸಿ. ಒಮ್ಮೆ ಅಗೆಸಿಕೊಂಡ ಬೆಟ್ಟವಿದು. ಅದರ ಗಾಯ ಮಾಯಲು ಕಾಲ ಬೇಕು.