ಗಟ್ಟಿ ಅಂದರೆ ಎಷ್ಟು ಗಟ್ಟಿ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗಂಗೊಳ್ಳಿಯಿಂದ ಬಸ್ಸಿನಲ್ಲಿ ನಮಗೊಂದು ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಹಳೇ ಪೇಪರಿನಲ್ಲಿ ಸುತ್ತಿದ ತುಕ್ಕು ಹಿಡಿದ ಒಂದು ಡಿ ಶ್ಯಾಕಲ್, ಜೊತೆಗೆ ಅದರ ಮುರಿದ ಪಿನ್ನು. ಕಳಿಸಿದವರು ನಮ್ಮಲ್ಲೊಬ್ಬನ ಸೋದರಮಾವ. ಟಿ. ದಾಸರಹಳ್ಳಿಯ ಒಂದೇ ಬಾಡಿಗೆ ಮನೆಯಲ್ಲಿರುವ ನಮಗೆಲ್ಲ ಅವರು ಈಗ ಮಾವನೇ.

ಫೋನಿನಲ್ಲಿ ಮಾವ ಹೇಳಿದ್ದು ಇಷ್ಟೇ: "ಹಗ್ಗ ಕಡೀಲಿಲ್ಲ, ಸರಪಳಿ ಕಡೀಲಿಲ್ಲ ಮಾರಾಯ. ಈ ಸಣ್ಣ ಪಿನ್ನು ಕೈ ಕೊಟ್ಟದ್ದು."

ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ಸಮುದ್ರ ಸೇರುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ಹೊಳೆಗಳ ನೀರು ಅಲ್ಲಿ ಒಂದಾಗುತ್ತದೆ. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ನೆರೆನೀರು, ಕಡಲ ಕಡೆಯಿಂದ ಗಾಳಿ ಮತ್ತು ಭರತ. ನಡುವೆ ಮಾವನ ನಾಡದೋಣಿ ಲಂಗರು ಹಾಕಿ ನಿಂತಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್‌ನ ನಾಡದೋಣಿಗಳಿಗೆ ಆಗಲೂ ಅವಕಾಶ ಉಂಟು, ಆದರೆ ಕಡಲು ಬಿಡಬೇಕಲ್ಲ! ಹಾಗಾಗಿ ಮಳೆಗಾಲದ ಬಹುಪಾಲು ದಿನ ದೋಣಿ ಕಟ್ಟಿಯೇ ಇರುತ್ತದೆ. ಒಂದು ರಾತ್ರಿ ಪಿನ್ನು ಮುರಿದು, ದೋಣಿ ದಡದ ಕಲ್ಲಿಗೆ ಬಡಿದು ಬದಿ ಒಡೆಯಿತು. ರಿಪೇರಿಗೆ ಸಾಲ ಆಯಿತು. ಮಳೆ ಕಡಿಮೆಯಾಗಿ ಮೀನು ಸಿಗುವ ದಿನಗಳಲ್ಲಿ ಮಾವ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದರು.

"ನೀವು ಪೀಣ್ಯದ ಬಾಗಿಲಲ್ಲೇ ಇದ್ದೀರಿ. ಗಟ್ಟಿಯಾದದ್ದು ಒಂದು ನೋಡಿ ಕಳಿಸಿ" ಅಂದರು.

ನಮಗೆ ಅದು ಅರ್ಧ ಗಂಟೆಯ ಕೆಲಸ ಅನ್ನಿಸಿತು. ಶ್ಯಾಕಲ್ ಅಂದರೆ ಬಾಗಿದ ಕಬ್ಬಿಣ, ಅದರ ಬಾಯಿಗೆ ಅಡ್ಡವಾಗಿ ತಿರುಪಿನ ಪಿನ್ನು. ಬೋರ್‌ವೆಲ್ ಮೋಟರ್ ಎತ್ತುವವರ ಹತ್ತಿರ, ಕ್ರೇನಿನ ಕೊಕ್ಕೆಯಲ್ಲಿ ನೀವೂ ನೋಡಿರುತ್ತೀರಿ. ತುಮಕೂರು ರಸ್ತೆಯ ಪಕ್ಕದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಗಟ್ಟಿಯಾದದ್ದು ಕೊಡಿ" ಅಂದೆವು. ಫಳಫಳ ಹೊಳೆಯುವ ಒಂದನ್ನು ಕೊಟ್ಟರು. ಹಳೆಯದಕ್ಕಿಂತ ದಪ್ಪ ಇತ್ತು. ಖುಷಿಯಿಂದ ತಂದೆವು.

ಪಕ್ಕದ ಮನೆಯಲ್ಲಿ ಕಲಬುರಗಿ ಕಡೆಯ ಅಣ್ಣ ಒಬ್ಬರಿದ್ದಾರೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವ ಕೆಲಸ. ಅವರು ನಮ್ಮ ಶ್ಯಾಕಲ್ ತಿರುಗಿಸಿ ತಿರುಗಿಸಿ ನೋಡಿ, "ಇದರ ಮ್ಯಾಗ ಏನೂ ಬರದಿಲ್ಲಲ್ರಿ" ಅಂದರು. "ಗಟ್ಟಿ ಅಂದ್ರ ಏನ್ರೀ? ಎಷ್ಟು ಟನ್ನು ಅಂತ ಕೇಳ್ರಿ."

ಅವತ್ತು ಸಂಜೆ ಅವರು ಹೇಳಿಕೊಟ್ಟದ್ದು, ಆಮೇಲೆ ನಾವು ಓದಿ, ಅಂಗಡಿ ಅಂಗಡಿ ಕೇಳಿ ತಿಳಿದದ್ದು ಇಲ್ಲಿದೆ.

ಒಳ್ಳೆಯ ಶ್ಯಾಕಲ್ ಮೈಮೇಲೆ ಅದು ಸುರಕ್ಷಿತವಾಗಿ ತಡೆಯುವ ಭಾರವನ್ನು ಟನ್ನಿನಲ್ಲಿ ಅಚ್ಚೊತ್ತಿರುತ್ತಾರೆ. ಮುರಿಯುವ ಭಾರ ಸಾಮಾನ್ಯವಾಗಿ ಅದರ ಐದಾರು ಪಟ್ಟು ಇರುತ್ತದೆ. ಹಾಗಂತ ಆ ಮಿಗತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಅದು ಜಗ್ಗಾಟಕ್ಕೆ, ಸವೆತಕ್ಕೆ ಇಟ್ಟದ್ದು. ಅಚ್ಚೇ ಇಲ್ಲದ ಮಾಲು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಅಂಗಡಿಯವರ ಬಾಯಿಮಾತೇ ಆಧಾರ.

ದೋಣಿಗೆ ಎಷ್ಟು ಬೇಕು? ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರ್ ಜಾಗವನ್ನು ಸುಮಾರು 17 ಕಿಲೋ ತೂಕದಷ್ಟು ತಳ್ಳುತ್ತದೆ. ದೋಣಿ ಅಡ್ಡ ತಿರುಗಿ 10 ಚದರ ಮೀಟರ್ ಗಾಳಿಗೆ ಒಡ್ಡಿದರೆ 170 ಕಿಲೋ. ಗಾಳಿಯ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಇದರ ಮೇಲೆ ಹೊಳೆಯ ಸೆಳೆತ. ಅಲೆ ಎತ್ತಿ ಜಗ್ಗಿದಾಗ ಆ ಒಂದು ಕ್ಷಣದ ಎಳೆತ ಇದರ ಹಲವು ಪಟ್ಟು ಆಗುತ್ತದೆ. ಅದಕ್ಕೇ ಸರಪಳಿ ಮತ್ತು ದೋಣಿಯ ನಡುವೆ ನೈಲಾನ್ ಹಗ್ಗ ಇರಬೇಕು. ಅದು ಹಿಗ್ಗಿ ಜಗ್ಗಾಟವನ್ನು ನುಂಗುತ್ತದೆ.

ಎರಡನೆಯದು ಹೊಳಪು. ನಾವು ತಂದದ್ದು ಹೊಳೆಯುತ್ತಿದ್ದುದು ವಿದ್ಯುತ್ತಿನಿಂದ ಸತು ಲೇಪಿಸಿದ್ದಕ್ಕೆ. ಆ ಲೇಪ ತೀರಾ ತೆಳು, ಉಪ್ಪುನೀರಿನಲ್ಲಿ ಬೇಗ ಹೋಗುತ್ತದೆ. ಸುಮಾರು 450 ಡಿಗ್ರಿ ಕಾಯಿಸಿದ ಸತುವಿನಲ್ಲಿ ಅದ್ದಿ ತೆಗೆದದ್ದು ಮಂಕಾಗಿ, ಒರಟಾಗಿ ಕಾಣುತ್ತದೆ, ಆದರೆ ಅದರ ಲೇಪ ಹಲವು ಪಟ್ಟು ದಪ್ಪ. ಕಡಲಿಗೆ ಅದೇ ಸರಿ. ಸ್ಟೇನ್‌ಲೆಸ್ ಸ್ಟೀಲ್ ಆಗದೇ ಎಂದು ಕೇಳಿದೆವು. ಪಾತ್ರೆಗೆ ಬಳಸುವ 304 ದರ್ಜೆಯದು ಉಪ್ಪುನೀರಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದೆ. 316 ಮೇಲು. ಆದರೆ ಸತು ಲೇಪದ ಸರಪಳಿಗೆ ಅದನ್ನು ಜೋಡಿಸಿದರೆ ಉಪ್ಪುನೀರಿನಲ್ಲಿ ಎರಡು ಲೋಹದ ನಡುವೆ ಬ್ಯಾಟರಿಯ ಹಾಗೆ ಕ್ರಿಯೆ ನಡೆದು, ಸರಪಳಿಯ ಸತು ಬೇಗ ಕರಗುತ್ತದೆ. ಸರಪಳಿ ಯಾವುದೋ ಶ್ಯಾಕಲ್ಲೂ ಅದೇ ಇರಲಿ.

ಇಷ್ಟು ತಿಳಿದ ಮೇಲೆ ಪೀಣ್ಯದಲ್ಲಿ ಕ್ರೇನ್ ಸಾಮಾನು ಮಾರುವ ಅಂಗಡಿಗೆ ಹೋಗಿ 2 ಟನ್ ಅಚ್ಚಿನ ಶ್ಯಾಕಲ್ ತಂದೆವು. ಮೊದಲಿನದಕ್ಕಿಂತ ಮೂರು ಪಟ್ಟು ಬೆಲೆ. ಬಸ್ಸಿಗೆ ಹಾಕುವ ಮೊದಲು ಮಾವನಿಗೆ ಫೋಟೋ ಕಳಿಸಿದೆವು. ಅವರು ಕೇಳಿದ ಒಂದೇ ಪ್ರಶ್ನೆ: "ಪಿನ್ನಿನ ದಪ್ಪ ಎಷ್ಟು?" ಅಳೆದರೆ 16 ಮಿ.ಮೀ. ಮಾವನ ಸರಪಳಿಯ ಕೊಂಡಿಯ ಒಳ ಅಗಲ 15. ಪಿನ್ನು ಒಳಗೆ ಹೋಗುವಂತೆಯೇ ಇರಲಿಲ್ಲ! ದೊಡ್ಡದು ತಂದರೆ ಸಾಕು ಅಂದುಕೊಂಡಿದ್ದ ನಮಗೆ ಅಲ್ಲಿಗೆ ಬುದ್ಧಿ ಬಂತು. ಕೊನೆಗೆ 13 ಮಿ.ಮೀ. ಪಿನ್ನಿನ, 1.5 ಟನ್ನಿನದು ತಂದೆವು. 10 ಮಿ.ಮೀ. ಕಡ್ಡಿಯ ಆ ಸಾಧಾರಣ ಸರಪಳಿ ತಡೆಯುವ ಭಾರಕ್ಕಿಂತ ಅದು ಹೆಚ್ಚೇ.

ಅಣ್ಣ ಆ ಸರಪಳಿಯ ಫೋಟೋ ನೋಡಿ ಇನ್ನೊಂದು ಮಾತು ಹೇಳಿದರು. 10 ಮಿ.ಮೀ. ಕಡ್ಡಿ ಸವೆದು 8 ಆದರೆ ಹೋದದ್ದು ಐದರಲ್ಲಿ ಒಂದು ಪಾಲು ಅನ್ನಿಸುತ್ತದೆ. ಆದರೆ ಬಲ ಉಳಿಯುವುದು ನೂರಕ್ಕೆ 64 ಮಾತ್ರ. ಮಾವ ಅಳೆದು ನೋಡಿದರು. ಲಂಗರಿನ ಹತ್ತಿರದ ಕೊಂಡಿಗಳು ಹಾಗೇ ಸವೆದಿದ್ದವು. ಅಷ್ಟು ಭಾಗ ಕತ್ತರಿಸಿ ತೆಗೆದರು. ದೋಣಿಯ ಮೂತಿಯ ಬಳೆಯೂ ಅಲ್ಲಾಡುತ್ತಿತ್ತು. ಅದನ್ನು ಬಿಚ್ಚಿ, ಒಳಗಡೆಯಿಂದ ಅಗಲವಾದ ಪಟ್ಟಿ ಕೊಟ್ಟು ಬೋಲ್ಟು ಬಿಗಿಸಿದರು. ಶ್ಯಾಕಲ್ ಒಂದನ್ನೇ ಬದಲಿಸಿದ್ದರೆ ಮುಂದಿನ ಮಳೆಗೆ ಸರಪಳಿಯೋ ಬಳೆಯೋ ಕಿತ್ತು ಬರುತ್ತಿತ್ತು.

ಪಿನ್ನು ತಾನಾಗಿ ತಿರುಗಿ ಬಿಚ್ಚಿಕೊಳ್ಳದಂತೆ ಅದರ ತುದಿಯ ತೂತಿಗೆ ಸತು ಲೇಪದ ತಂತಿ ಪೋಣಿಸಿ ಶ್ಯಾಕಲ್ ಮೈಗೆ ಬಿಗಿಯಾಗಿ ಸುತ್ತಬೇಕು. ತಂತಿಗೆ ಖರ್ಚು ಹತ್ತಿಪ್ಪತ್ತು ರೂಪಾಯಿ. ಇದನ್ನು ಮಾವನಿಗೆ ನಾವು ಹೇಳಬೇಕಾಗಲಿಲ್ಲ, ಅವರೇ ನಮಗೆ ಹೇಳಿದರು.

ಟಿ. ದಾಸರಹಳ್ಳಿಯಲ್ಲಿ ಕಡಲಿಲ್ಲ. ಆದರೂ ಊರೂರಿನ ಭಾರ ಹೊರುವ ಕಬ್ಬಿಣ ನಮ್ಮ ಮನೆಯಿಂದ ಎರಡು ಮೆಟ್ರೋ ನಿಲ್ದಾಣದಾಚೆ ಸಿಗುತ್ತದೆ, ಅದನ್ನು ಪರೀಕ್ಷಿಸುವವರು ಪಕ್ಕದ ಮನೆಯಲ್ಲೇ ಇದ್ದಾರೆ. ಕೇಳುವ ಪ್ರಶ್ನೆ ಮಾತ್ರ ನಮಗೆ ಗೊತ್ತಿರಲಿಲ್ಲ. ನಿಮ್ಮದು ದೋಣಿ ಇರಲಿ, ಟ್ರ್ಯಾಕ್ಟರಿನ ಸರಪಳಿ ಇರಲಿ, ಬೋರ್‌ವೆಲ್ ಮೋಟರ್ ಎತ್ತುವ ಕೊಕ್ಕೆ ಇರಲಿ, ಅಂಗಡಿಯಲ್ಲಿ "ಗಟ್ಟಿಯಾದದ್ದು ಕೊಡಿ" ಅನ್ನಬೇಡಿ. "ಎಷ್ಟು ಟನ್ನು? ಎಲ್ಲಿ ಬರೆದಿದೆ ತೋರಿಸಿ" ಅನ್ನಿ.

ಈ ಜೂನಿನಲ್ಲಿ ಒಂದು ರಾತ್ರಿ ಕರಾವಳಿಯಲ್ಲಿ ಜೋರು ಗಾಳಿಮಳೆ ಎಂದು ಸುದ್ದಿ ಬಂತು. ನಮಗೆ ಇಲ್ಲಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಮಾವನ ಮೆಸೇಜು: "ದೋಣಿ ಇದ್ದಲ್ಲೇ ಇತ್ತ್." ನಮ್ಮಲ್ಲಿ ಬಯಲುಸೀಮೆಯವನೊಬ್ಬ ಗಾಬರಿಯಾಗಿ, "ಇತ್ತು ಅಂದರೆ? ಈಗ ಇಲ್ಲವಾ?" ಅಂದ. ಕುಂದಾಪುರದ ಕನ್ನಡದಲ್ಲಿ "ಇತ್ತ್" ಅಂದರೆ "ಇದೆ" ಎಂದು ಗೊತ್ತಾದ ಮೇಲೆ ಎಲ್ಲರೂ ಟೀ ಕುಡಿಯಲು ಹೋದೆವು.