ಸಾಗಾದಾವಾ ಹುಣ್ಣಿಮೆಯವರೆಗೆ

ಜೂನ್ 7, 2025, ಶನಿವಾರ
ಕುಶಾಲನಗರ

ಮಳೆ ಬಿಡುವು ಕೊಟ್ಟಿತ್ತು. ಸಂಜೆ ಹೊಳೆ ದಾಟಿ ಬೈಲಕುಪ್ಪೆಯ ಸೆರಾ ಮಠಕ್ಕೆ ಹೋದೆ. ಭಿಕ್ಷುಗಳ ತರ್ಕಾಭ್ಯಾಸ ನಡೆದಿತ್ತು. ಉತ್ತರ ಕೊಡುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಕೇಳುವವನು ನಿಂತು, ಎಡಗಾಲು ಅಪ್ಪಳಿಸಿ, ಚಟೀರನೆ ಚಪ್ಪಾಳೆ ತಟ್ಟಿ ಕೇಳುತ್ತಾನೆ. ಕೂತವನು ಭಾಷಣ ಬಿಗಿಯುವಂತಿಲ್ಲ. ‘ಒಪ್ಪಿದೆ’, ‘ನೀನು ಕೊಟ್ಟ ಕಾರಣ ಸಿದ್ಧವಾಗಿಲ್ಲ’, ‘ಆ ಕಾರಣದಿಂದ ಈ ಮಾತು ಹೊರಡುವುದಿಲ್ಲ’ ಎಂಬಂಥ ಗೊತ್ತಾದ ಉತ್ತರಗಳಲ್ಲೇ ನಿಲ್ಲಬೇಕು.

ಕನ್ನಡ ಬಲ್ಲ ಹಿರಿಯ ಭಿಕ್ಷುವೊಬ್ಬರನ್ನು ಇವತ್ತಿನ ವಿಷಯ ಏನೆಂದು ಕೇಳಿದೆ. “ನಾನು ಅನ್ನೋದು ಎಲ್ಲಿದೆ ಅಂತ ಹುಡುಕ್ತಿದ್ದಾರೆ ಮೇಡಂ,” ಎಂದರು. ದೇಹವೇ ನಾನೋ? ಹಾಗಾದರೆ ‘ನನ್ನ ದೇಹ’ ಎನ್ನುವವರು ಯಾರು? ಮನಸ್ಸೋ? ಅದು ಗಳಿಗೆಗೊಂದು ಬಗೆ. ಎರಡರ ಕೂಟವೋ? ಬಿಡಿಸಿ ನೋಡಿದರೆ ಅದರಲ್ಲೂ ಸಿಗುವುದಿಲ್ಲ. ಮಠದ ಉನ್ನತ ಪದವಿಯಾದ ಗೇಶೆಗೆ ಹೆಚ್ಚುಕಡಿಮೆ 20 ವರ್ಷ ಹೀಗೆ ಓದಿ ವಾದಿಸಬೇಕು. ಬುದ್ಧನ ಮಾತನ್ನೂ ಒರೆಗೆ ಹಚ್ಚಿಯೇ ಒಪ್ಪುವ ಈ ಶ್ರದ್ಧೆಯ ಮುಂದೆ ನನಗೆ ತಲೆ ಬಾಗುತ್ತದೆ.

ಜೂನ್ 9, ಸೋಮವಾರ

ಬೆಳಿಗ್ಗೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಅಜ್ಜಿಯೊಬ್ಬರ ಮನೆಯಲ್ಲಿದ್ದೆ. 1960ರ ದಶಕದಲ್ಲಿ ಕಾಡು ಕಡಿದು ಇಲ್ಲಿ ನೆಲೆ ಕಟ್ಟುವಾಗ ಅವರು ಪುಟ್ಟ ಹುಡುಗಿ. ಬುದ್ಧನ ಮುಂದೆ ಏಳು ಬಟ್ಟಲು ಸಾಲಾಗಿಟ್ಟು ನೀರು ತುಂಬುತ್ತಿದ್ದರು. ಬಟ್ಟಲಿಗೂ ಬಟ್ಟಲಿಗೂ ಒಂದು ಜವೆಗೋಧಿ ಕಾಳಿನಷ್ಟು ಅಂತರ, ಅಂಚಿಗೂ ನೀರಿಗೂ ಅಷ್ಟೇ. ಸಂಜೆ ಚೆಲ್ಲಿ, ಒರೆಸಿ, ಬೋರಲು ಹಾಕುತ್ತಾರೆ. ಮರುದಿನ ಮತ್ತೆ ತುಂಬುತ್ತಾರೆ.

“ನೀರೇ ಯಾಕಜ್ಜಿ?”

“ನೀರಿಗೆ ದುಡ್ಡಿಲ್ಲ ಅಲ್ವಾಮ್ಮ. ಕೊಟ್ಟೆ ಅಂತ ಹೆಮ್ಮೆ ಬರಲ್ಲ, ಹೋಯ್ತಲ್ಲಾ ಅಂತ ಸಂಕಟಾನೂ ಆಗಲ್ಲ.”

ದುಃಖವಿದೆ, ಅದಕ್ಕೆ ಕಾರಣವಿದೆ, ಅದು ನಿಲ್ಲಬಲ್ಲದು, ನಿಲ್ಲಿಸುವ ದಾರಿಯಿದೆ. ಬುದ್ಧ ಹೇಳಿದ ಈ ನಾಲ್ಕು ಸತ್ಯಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೆಯದು. ತೋಟ ಪಾಲಾದಾಗಿನಿಂದ ಅಣ್ಣನೂ ನಾನೂ ಮಾತಾಡಿಲ್ಲ. ಗಡಿಯ ಹಲಸಿನ ಮರ ಯಾರ ಪಾಲಿಗೆ ಎಂಬಲ್ಲಿಗೆ ಮಾತು ನಿಂತಿತು. ಮರ ತನ್ನಷ್ಟಕ್ಕೆ ಕಾಯಿ ಬಿಡುತ್ತಿದೆ; ಸಂಕಟವೆಲ್ಲ ‘ನನ್ನದು’ ಎಂಬುದರಲ್ಲಿದೆ. ಮಠದವರು ತರ್ಕದಿಂದ ಸಡಿಲಿಸುವ ಗಂಟನ್ನು ಅಜ್ಜಿ ದಿನಾ ಬೆಳಿಗ್ಗೆ ಕೈಯಿಂದ ಸಡಿಲಿಸುತ್ತಿದ್ದಾರೆ.

ಜೂನ್ 11, ಬುಧವಾರ
ಸಾಗಾದಾವಾ ಹುಣ್ಣಿಮೆ

ನಮ್ಮ ಬುದ್ಧಪೂರ್ಣಿಮೆ ಮೇ 12ಕ್ಕೇ ಮುಗಿದಿತ್ತು. ಟಿಬೆಟನ್ ಪಂಚಾಂಗದಲ್ಲಿ ಬುದ್ಧನ ಜ್ಞಾನೋದಯವನ್ನೂ ಪರಿನಿರ್ವಾಣವನ್ನೂ ನೆನೆಯುವ ದಿನ ಇವತ್ತು.

ಅಂಗೈಯ ಗೆರೆ ಕಾಣುವಷ್ಟು ಬೆಳಕು ಹರಿಯುವ ಮೊದಲೇ ಅಜ್ಜಿ ಎಂಟು ಶೀಲಗಳ ವ್ರತ ಹಿಡಿದಿದ್ದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ. ಅಮಲು, ಕಾಮ, ಎತ್ತರದ ಆಸನ, ಹಾಡು-ಕುಣಿತ-ಅಲಂಕಾರ ಯಾವುದೂ ಇಲ್ಲ. ನಡುಹಗಲು ದಾಟಿದರೆ ಊಟವಿಲ್ಲ. ನಾಳೆಯ ಬೆಳಗಿನವರೆಗೆ ಇದು ನಡೆಯಬೇಕು. ಎಪ್ಪತ್ತರ ಮೊಣಕಾಲು ನೋವಿನಲ್ಲೂ ಮಣಿ ಎಣಿಸುತ್ತ ನಾಮ್‌ಡ್ರೋಲಿಂಗ್ ಮಠದ ಸುತ್ತ ಪ್ರದಕ್ಷಿಣೆ ಹಾಕಿದರು. ನಾನೂ ಜೊತೆಗಿದ್ದೆ.

ಸಂಜೆ ಕೈಮುಗಿದು, ದಿನದ ಪುಣ್ಯವನ್ನೆಲ್ಲ ಸಕಲ ಜೀವಿಗಳಿಗೆ ಧಾರೆಯೆರೆದರು. ಪ್ರತಿ ಪೂಜೆಯೂ ಮುಗಿಯುವುದು ಹೀಗೆಯೇ. ಹಸಿದು, ನಡೆದು ಗಳಿಸಿದ ಪುಣ್ಯವನ್ನೂ ‘ನನ್ನದು’ ಎಂದು ಇಟ್ಟುಕೊಳ್ಳುವಂತಿಲ್ಲ. ‘ನಾನು’ ಎಂಬುದಿಲ್ಲವೆಂದು ವಾದದಲ್ಲಿ ಗೆದ್ದರೆ ಸಾಲದು, ಕೊಟ್ಟು ತೋರಿಸಬೇಕು.

ಅವರ ಹಿಂದೆ ನಾನೂ ಹೇಳಿದೆ. ಸಕಲ ಎಂದ ಮೇಲೆ ಅಣ್ಣನೂ ಬರಲೇಬೇಕು. ಅವನ ಹೆಸರನ್ನು ಗಟ್ಟಿಯಾಗಿಯೇ ಸೇರಿಸಿದೆ. ಪ್ರೀತಿಯೇನೂ ಉಕ್ಕಲಿಲ್ಲ. ಉಕ್ಕಲೆಂದು ಇಲ್ಲಿ ಯಾರೂ ಕಾಯುವುದಿಲ್ಲ; ಸಂಗೀತದವರು ಸಾಧಕ ಮಾಡುವ ಹಾಗೆ ಕರುಣೆಯನ್ನು ದಿನಾ ಅಭ್ಯಾಸ ಮಾಡುತ್ತಾರೆ. ನಾಳೆಯೂ ಅವನ ಹೆಸರು ಹೇಳಬೇಕು, ಮನಸ್ಸು ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ.