ದನದ ದವಾಖಾನೆಗೆ ನಾಯಿ ಬಂದ ಕಾಲ

ನಾನು ಗುಡಗೇರಿಗೆ ಬಂದಾಗ ದನದ ದವಾಖಾನೆ ಹೆಸರಿಗೆ ತಕ್ಕಂತೆ ದನದ್ದೇ ಆಗಿತ್ತು. ಎರೆಹೊಲದ ಎತ್ತುಗಳ ಹೆಗಲುಬಾವು, ಎಮ್ಮೆಗಳ ಕೆಚ್ಚಲುಬಾವು, ಕಾಲುಬಾಯಿ ಬೇನೆ. ನಾಯಿ ಬಂದರೆ ಬಾಲದ ಬುಡಕ್ಕೆ ಹುಳ ಬಿದ್ದಾಗ ಮಾತ್ರ. ಕುರಿಗಾರರು ಅದಕ್ಕೂ ಬರುತ್ತಿರಲಿಲ್ಲ. ಸೀತಾಫಲದ ಎಲೆ ಅರೆದು ಗಾಯಕ್ಕೆ ತುಂಬಿ ಅಡವಿಗೆ ನಡೆಯುತ್ತಿದ್ದರು. ನಾವು ಟರ್ಪಂಟೈನ್ ಹನಿಸಿ, ಚಿಮಟದಿಂದ ಹುಳ ತೆಗೆದು, ಮುಲಾಮು ಹಚ್ಚಿ ಕಳಿಸುತ್ತಿದ್ದೆವು. ಹುಳದ ಗಾಯ ಅಷ್ಟಕ್ಕೇ ಮಾಯುತ್ತಿತ್ತು.

ಮಾಯದ ಗಾಯ ಬಂದದ್ದು ಹುಬ್ಬಳ್ಳಿಯಿಂದ ಅಲ್ಸೇಶಿಯನ್ ಮರಿ ತಂದು ಸಾಕುವ ಹವ್ಯಾಸ ಶುರುವಾದ ಮೇಲೆ.

"ನಾಯಿಗೆ ಮೂಲವ್ಯಾಧಿ ಆಗೇತ್ರಿ ಡಾಕ್ಟ್ರ, ಹೊರಕಡಿಗೆ ಕುಂತ್ರ ಒದರತೈತಿ" ಎನ್ನುತ್ತಿದ್ದರು. ಬಾಯಿಗೆ ಲಾಡಿ ಬಿಗಿದು ಬಾಲ ಎತ್ತಿದರೆ ಗುದದ ಸುತ್ತ ಜರಡಿಯಂತೆ ತೂತುಗಳು, ಕೀವು, ದುರ್ವಾಸನೆ. ಮೂಲವ್ಯಾಧಿಯಲ್ಲ, ನಾಳಹುಣ್ಣು. ಕುಂಡಿ ನೆಲಕ್ಕೆ ಉಜ್ಜುತ್ತ ಹೋಗುವ ನಾಯಿಗೆ ಹೆಚ್ಚಾಗಿ ಗುದಚೀಲ ಕಟ್ಟಿಕೊಂಡಿರುತ್ತದೆ. ಗಡಿಯಾರದ 4 ಮತ್ತು 8ರ ಜಾಗದಲ್ಲಿ ಒತ್ತಿ ತೆಗೆದರೆ ನೆಮ್ಮದಿ. ಬೀಜ ಒಡೆಯದ ಮುದಿ ಗಂಡುನಾಯಿಯ ಗಂಟಾದರೆ, ಬೀಜ ತೆಗೆದ ಮೇಲೆ ಬಹುತೇಕ ಕುಗ್ಗುತ್ತದೆ. ಈ ನಾಳಹುಣ್ಣು ಎರಡಕ್ಕೂ ಜಗ್ಗುವುದಿಲ್ಲ.

ಹಿಂದೆ ತಪ್ಪನ್ನೆಲ್ಲ ಈ ತಳಿಯ ಇಳಿಬಿದ್ದ ದಪ್ಪ ಬಾಲದ ಮೇಲೆ ಹೊರಿಸುತ್ತಿದ್ದರು. ಗಾಳಿಯಾಡದೆ ಕೊಳೆಯುತ್ತದೆ ಎಂದು ಹುಣ್ಣು ಕೊಯ್ಯುವುದು, ಹೆಪ್ಪುಗಟ್ಟಿಸಿ ಸುಡುವುದು, ಕೊನೆಗೆ ಬಾಲವನ್ನೇ ಕತ್ತರಿಸುವುದು. ಹುಣ್ಣು ಮರಳುತ್ತಿತ್ತು, ಕೆಲವು ನಾಯಿಗಳಿಗೆ ಮಲ ಹಿಡಿದಿಡುವ ಶಕ್ತಿಯೇ ಹೋಗುತ್ತಿತ್ತು. ಮನೆಯೊಳಗೆ ಮಲಗಿ ಬೆಳೆದ ನಾಯಿ ಆಮೇಲೆ ಹಿತ್ತಲಿಗೆ ಬೀಳುತ್ತಿತ್ತು.

1997ರಲ್ಲಿ ಕೆನಡಾದ ಗ್ವೆಲ್ಫ್‌ನ ಪಶುವೈದ್ಯರು ಸೈಕ್ಲೋಸ್ಪೊರಿನ್ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ನುಂಗುವ ಗುಳಿಗೆ ಅದು. ದೇಹದ ರಕ್ಷಣೆಯೇ ತನ್ನ ಮೇಲೆ ತಿರುಗಿಬೀಳುವ ರೋಗವಿದು ಎಂಬ ಅನುಮಾನಕ್ಕೆ ಬಲ ಬಂತು. ಚಾಕುವಿನ ಕೆಲಸ ಗುಳಿಗೆಗೆ ಬಂತು. ಆದರೆ ಆ ಬೆಲೆ! ಹುಬ್ಬಳ್ಳಿಯ ಔಷಧದಂಗಡಿಯವರು "ಕಿಡ್ನಿ ಯಾರದ್ರಿ?" ಎಂದು ಕೇಳಿದರೆ ಮಾಲೀಕರು ನಾಚುತ್ತಿದ್ದರು. ಕೀಟೋಕೊನಜೋಲ್ ಜೊತೆಗೆ ಕೊಟ್ಟರೆ ಯಕೃತ್ತು ಸೈಕ್ಲೋಸ್ಪೊರಿನನ್ನು ಬೇಗ ಕರಗಿಸುವುದಿಲ್ಲ, ಕಡಿಮೆ ಪ್ರಮಾಣದಲ್ಲೇ ಸಾಗುತ್ತದೆ. ಹಾಗೆ ಖರ್ಚು ಇಳಿಸಿ ವಾರಗಟ್ಟಲೆ ಕೊಡಿಸಿದೆವು. ಉಳಿದ ಹುಣ್ಣಿಗೆ ಕೈಗವಸು ಹಾಕಿಕೊಂಡು ಟ್ಯಾಕ್ರೋಲಿಮಸ್ ಮುಲಾಮು.

ಔಷಧದ ಜೊತೆಗೆ, ನಾಯಿ ಈವರೆಗೆ ತಿನ್ನದ ಮಾಂಸ ಹಾಕಿ ನೋಡಿ ಎಂಬ ಸಲಹೆಯೂ ಉಂಟು. ಮೊಟ್ಟೆಯೂ ಹೊಸ್ತಿಲು ದಾಟದ ಮನೆಯ ಯಜಮಾನಿಗೆ ಅದನ್ನು ಹೇಳಬೇಕಾದಾಗ ನಾನು ಸುತ್ತಿಬಳಸಿ ಮಾತಾಡಿದ್ದೇನೆ. "ರೊಟ್ಟಿ ಹಾಲು ಬಿಟ್ಟು ಬ್ಯಾರೆ ಏನೂ ಗೊತ್ತಿಲ್ರಿ ಅದಕ್ಕ" ಎಂದರಾಕೆ.

ಈಗ ಬಾಲದಡಿಯ ಫೋಟೊ ವಾಟ್ಸಾಪಿನಲ್ಲಿ ಬರುತ್ತದೆ. ಬೆರಳು ಹಾಕಿ ನೋಡದೆ ಒಳಗೆ ಗಂಟಿದೆಯೋ, ಗುದದ ಪಕ್ಕದ ಸ್ನಾಯು ಸಡಿಲಾಗಿದೆಯೋ ತಿಳಿಯದು. ಹಾಗಾಗಿ ಫೋಟೊ ನೋಡಿ ಗುಳಿಗೆ ಬರೆಯುವುದಿಲ್ಲ. ನಾಯಿಯನ್ನು ಕರಕೊಂಡು ಬರ್ರಿ ಎನ್ನುತ್ತೇನೆ.